‘ಲೆಟ್ ಇಟ್ ಬಿ’ ಗೀತಸಂಪುಟದ ಪಾಠವಿಚಾರ

ಗ್ರಂಥಸಂಪಾದನೆಯ ಕಾರ್ಯದಲ್ಲಿ ತೊಡಗಿದವರಿಗೆ ಮೂಲಪಾಠವೆಂಬುದು ಎಂದಿಗೂ ಬಗೆಹರಿಯದ ತೊಡಕು. ಓಲೆಯ ಪ್ರತಿಗಳು ಹತ್ತು ದೊರೆತರೆ ಪಾಠಗಳು ಹನ್ನೊಂದಾಗುವುವು. ಕವಿಯು ಬರೆದುದಾವುದು, ಲಿಪಿಕಾರನು ಕೈತಪ್ಪಿ ಬರೆದುದಾವುದು, ತಿಳಿವಳಿಕೆಯುಳ್ಳವನೊಬ್ಬನು ತಿದ್ದಿ ಸೇರಿಸಿದುದಾವುದು ಎಂದು ಬಿಡಿಸುವುದರಲ್ಲಿಯೇ ಪಂಡಿತರ ಆಯುಸ್ಸು ಸವೆಯುವುದು. ಕವಿಯು ಗತಿಸಿ ನೂರಾರು ವರ್ಷಗಳಾದುದರಿಂದ ಹೀಗಾಯಿತೆಂದು ನಾವು ಸಮಾಧಾನ ಹೇಳಿಕೊಳ್ಳುವುದುಂಟು. ಆದರೆ ಕರ್ತೃಗಳು ನಾಲ್ವರೂ ಜೀವಂತರಾಗಿದ್ದಾಗಲೇ, ಅವರ ಅಭ್ಯಾಸಕಾಲದ ಹರಟೆ ಜಗಳಗಳು ಕೂಡ ಯಂತ್ರಗಳಲ್ಲಿ ಮುದ್ರಿತವಾಗಿದ್ದರೂ, ಕೃತಿಯ ನಿಜರೂಪವಾವುದೆಂಬ ವಿವಾದವು ಹುಟ್ಟಿ ಐವತ್ತು ವರ್ಷ ನಡೆದ ಉದಾಹರಣೆಯೊಂದಿದೆ. ಅದು ಇಂಗ್ಲೆಂಡಿನ ಬೀಟಲ್ಸ್ ಎಂಬ ರಾಕ್ ಸಂಗೀತ ಮೇಳದವರು 1970ನೆಯ ಇಸವಿಯಲ್ಲಿ ಪ್ರಕಟಿಸಿದ ‘ಲೆಟ್ ಇಟ್ ಬಿ’ ಎಂಬ ಗೀತಸಂಪುಟವು.

ಈ ಮೇಳದ ಪರಿಚಯವನ್ನು ದೀರ್ಘವಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ಲಿವರ್‌ಪೂಲ್ ಪಟ್ಟಣದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಎಂಬ ನಾಲ್ವರು ಇದರವರು. 1966ನೆಯ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನಡೆಸಿದ ಕಚೇರಿಯೊಡನೆ ಅವರು ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿ, ಸ್ಟುಡಿಯೋದೊಳಗೆಯೇ ಕುಳಿತು, ಒಂದು ದನಿಯನ್ನು ಮುದ್ರಿಸಿ ಅದರ ಮೇಲೆ ಮತ್ತೊಂದನ್ನು, ಅದರ ಮೇಲೆ ಇನ್ನೊಂದನ್ನು ಸೇರಿಸುತ್ತ ಹಾಡುಗಳನ್ನು ಕಟ್ಟತೊಡಗಿದರು. ಮರುವರ್ಷ ಅವರ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಬ್ರಯನ್ ಎಪ್‌ಸ್ಟೈನನು ತೀರಿಹೋದನು. 1968ರ ಆದಿಯಲ್ಲಿ ಅವರು ಮಹರ್ಷಿ ಮಹೇಶಯೋಗಿಗಳ ಆಶ್ರಮವನ್ನು ಅರಸಿ ಹೃಷೀಕೇಶಕ್ಕೆ ಬಂದುದು ನಮ್ಮ ದೇಶದವರಿಗೆ ತಿಳಿದ ಸಂಗತಿಯೇ. ಆ ವರ್ಷದ ಕೊನೆಯ ವೇಳೆಗೆ ನಾಲ್ವರೂ ಹಾಡುಗಾರರಾಗಿ ಉಳಿದಿದ್ದರೇ ಹೊರತು, ಮೇಳವು ಮೇಳವಾಗಿ ಉಳಿದಿತ್ತೆಂದು ಹೇಳುವುದು ಕಷ್ಟ.

ಇಂತಹ ಸ್ಥಿತಿಯಲ್ಲಿ, ಮುಖ್ಯವಾಗಿ ಮೆಕಾರ್ಟ್ನಿಯ ಪ್ರೇರಣೆಯಿಂದ, ಅವರೊಂದು ಸಂಕಲ್ಪವನ್ನು ಮಾಡಿದರು. ಹಿಂದೆ ಎಳೆಯರಾಗಿದ್ದಾಗ ಹೇಗೆ ಕೂಡಿ ನಿಂತು ನುಡಿಸಿ ಹಾಡುತ್ತಿದ್ದರೋ ಹಾಗೆಯೇ ಹಾಡುವುದು. ಮುದ್ರಿಸಿದುದರ ಮೇಲೆ ಯಾವ ದನಿಯನ್ನೂ ಆಮೇಲೆ ಸೇರಿಸದಿರುವುದು. ಅಭ್ಯಾಸವನ್ನೆಲ್ಲ ಚಲಚ್ಚಿತ್ರವಾಗಿ ಹಿಡಿಯುವುದು. ಕಡೆಗೊಂದು ದಿನ ಜನರ ಮುಂದೆ ಕಚೇರಿ ನಡೆಸುವುದು. ಈ ಯೋಜನೆಗೆ ‘ಗೆಟ್ ಬ್ಯಾಕ್’, ಎಂದರೆ ಹಿಂದಿರುಗು, ಎಂಬ ಹೆಸರು ಕೂಡಿಕೊಂಡಿತು. ಹೆಸರೇ ಸಂಕಲ್ಪವನ್ನು ಹೇಳುವಂತಿದೆ.

1969ನೆಯ ಜನವರಿ 2ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಚಲಚ್ಚಿತ್ರ ಸ್ಟುಡಿಯೋದಲ್ಲಿ ಕೆಲಸವು ಮೊದಲಾಯಿತು. ನಿರ್ದೇಶಕನು ಮೈಕೇಲ್ ಲಿಂಡ್ಸೇ-ಹಾಗ್. ಚಳಿಗಾಲದ ಬೆಳಗ್ಗೆ, ಕೊಟ್ಟಿಗೆಯಂತಹ ವಿಶಾಲವಾದ ಕಟ್ಟಡದಲ್ಲಿ, ಛಾಯಾಯಂತ್ರಗಳ ಎದುರಿಗೆ ಹಾಡು ಹುಟ್ಟಬೇಕೆಂದರೆ ಹೇಗೆ ಹುಟ್ಟೀತು? ಕಚೇರಿಯನ್ನು ಎಲ್ಲಿ ನಡೆಸಬೇಕೆಂಬುದೂ ಗೊತ್ತಾಗಲಿಲ್ಲ. ಲಿಬಿಯ ದೇಶದ ಸಬ್ರಾತದಲ್ಲಿರುವ ರೋಮನರ ಕಾಲದ ರಂಗಮಂದಿರದಲ್ಲಾಗಲೆಂದು ಒಬ್ಬರು, ಹಡಗಿನ ಮೇಲಾಗಲೆಂದು ಇನ್ನೊಬ್ಬರು. ತಾನು ನುಡಿಸುವ ಬಗೆಯನ್ನು ಮೆಕಾರ್ಟ್ನಿಯು ಮತ್ತೆ ಮತ್ತೆ ತಿದ್ದುವುದು ಹ್ಯಾರಿಸನನಿಗೆ ಸಹಿಸಲಿಲ್ಲ. 10ನೆಯ ತಾರೀಖು ಆತನು ಮೇಳವನ್ನು ಬಿಟ್ಟು ಮನೆಗೆ ನಡೆದನು. ದೂರದ ಕಚೇರಿಯ ಯೋಚನೆಯನ್ನೂ ಟ್ವಿಕನ್‌ಹ್ಯಾಮನ್ನೂ ಬಿಡುವುದಾದರೆ ಬರುವೆನೆಂದು ಹೇಳಿ ಆತನು ಮರಳಿದ ಮೇಲೆ, 21ರಿಂದ ಕೆಲಸವು ಸಾವಿಲ್ ರೋ ಬೀದಿಯ 3ನೆಯ ಸಂಖ್ಯೆಯ ಮನೆಯಲ್ಲಿ, ಅವರ ಸ್ವಂತ ಸಂಸ್ಥೆಯಾದ ಆ್ಯಪಲ್‌ನ ನೆಲಮಾಳಿಗೆಯಲ್ಲಿ, ಮುಂದುವರಿಯಿತು. ಅಲ್ಲಿ ಅದ್ಭುತವಾದ ಮುದ್ರಣಶಾಲೆಯನ್ನು ಕಟ್ಟಿಕೊಡುವೆನೆಂದು ಅಲೆಕ್ಸಿಸ್ ಮಾರ್ಡಾಸನೆಂಬವನು ನಂಬಿಸಿದ್ದನು. ಅವನು ಕಟ್ಟಿದುದು ಕೆಲಸಕ್ಕೆ ಬಾರದೆ, ಅವರ ಹಳೆಯ ನಿರ್ಮಾಪಕನಾದ ಜಾರ್ಜ್ ಮಾರ್ಟಿನನು ಇ.ಎಂ.ಐ. ಸಂಸ್ಥೆಯಿಂದ ಯಂತ್ರಗಳನ್ನು ಎರವಲು ತರಿಸಿದನು.

22ನೆಯ ತಾರೀಖು ಅಮೆರಿಕದ ಬಿಲ್ಲಿ ಪ್ರೆಸ್ಟನ್ ಎಂಬ ಕೀಬೋರ್ಡ್ ವಾದಕನು ಬಂದು ಕುಳಿತನು. ಮನೆಗೆ ನಂಟರು ಬಂದಾಗ ಜಗಳವಾಡುತ್ತಿದ್ದ ಅಣ್ಣತಮ್ಮಂದಿರು ನೆಟ್ಟಗಾಗುವಂತೆ ನಾಲ್ವರೂ ನೆಟ್ಟಗಾದರು. ಎಂಟು ದಿನಗಳ ಮೇಲೆ, ಜನವರಿ 30ರಂದು, ಲಿಬಿಯವೂ ಹಡಗೂ ಬೇಡವೆಂದು ಅವರು ತಮ್ಮ ಮನೆಯ ಮೆಟ್ಟಿಲುಗಳನ್ನೇರಿ ಮಾಳಿಗೆಯ ಮೇಲೆ ನಿಂತು ಹಾಡಿದರು. ಬೀಸುಗಾಳಿಯ ಸದ್ದು ಮೈಕುಗಳಿಗೆ ತಾಕದಂತೆ ಹೆಂಗಸರ ಉದ್ದನೆಯ ಕಾಲುಚೀಲಗಳನ್ನು ತರಿಸಿ ಅವುಗಳಿಗೆ ತೊಡಿಸಿದ್ದರು. ಲೆನನನು ತನ್ನ ಸಂಗಾತಿ ಯೋಕೋ ಓನೋಳ ತುಪ್ಪುಳಂಗಿಯನ್ನೂ ಸ್ಟಾರನು ತನ್ನ ಹೆಂಡತಿಯ ಕೆಂಪು ಮಳೆಯಂಗಿಯನ್ನೂ ತೊಟ್ಟಿದ್ದರು. ಕೆಳಗಣ ಬೀದಿಯಲ್ಲಿ ಜನ ಸೇರಿತು, ಪೋಲೀಸರು ಬಂದರು, 42 ನಿಮಿಷಗಳಿಗೆ ಕಚೇರಿ ಮುಗಿಯಿತು. ನಾಲ್ವರೂ ಜನರೆದುರಿಗೆ ಕೂಡಿ ಹಾಡಿದುದು ಅದೇ ಕೊನೆ. ಮಾರನೆಯ ದಿನ ನೆಲಮಾಳಿಗೆಯಲ್ಲಿ ಇನ್ನು ಕೆಲವು ಹಾಡುಗಳನ್ನು ಹಾಡಿ ಅವರು ಎದ್ದುಬಿಟ್ಟರು.

ಇಲ್ಲಿಯವರೆಗಿನದು ಕೃತಿಯ ರಚನೆ. ಪಾಠದ ಕಥೆಯು ಇನ್ನು ಮುಂದಿನದು.

ಟೇಪುಗಳ ರಾಶಿಯನ್ನು ಎಂಜಿನಿಯರನಾದ ಗ್ಲಿನ್ ಜಾನ್ಸನ ವಶಕ್ಕೆ ಕೊಟ್ಟರು. ಆತನು ಸಂಕಲ್ಪವನ್ನು ಅಕ್ಷರಶಃ ಪಾಲಿಸಿ, ತಪ್ಪಿದ ಆರಂಭಗಳು, ಶ್ರುತಿ ಮಾಡಿಕೊಳ್ಳುವ ಸದ್ದು, ನಡುನಡುವಿನ ಹಾಸ್ಯ ಎಲ್ಲವೂ ಇರುವಂತೆಯೇ 1969ರ ಮೇ ತಿಂಗಳಿನಲ್ಲಿ ಒಂದು ಸಂಪುಟವನ್ನು ಅಣಿಮಾಡಿದನು. ಮೇಳದವರು ಅದನ್ನು ಒಪ್ಪಲಿಲ್ಲ. 1970ರ ಜನವರಿಯಲ್ಲಿ ಎರಡನೆಯದನ್ನು ಮಾಡಿಕೊಟ್ಟನು, ಅದನ್ನೂ ಒಪ್ಪಲಿಲ್ಲ. ಈ ನಡುವೆ ಅವರು ‘ಆಬಿ ರೋಡ್’ ಎಂಬ ಬೇರೊಂದು ಸಂಪುಟವನ್ನೇ ಮುದ್ರಿಸಿ 1969ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿಯೂ ಆಗಿದ್ದಿತು. ಆ ತಿಂಗಳೇ ಲೆನನನು ತಾನು ಮೇಳವನ್ನು ಬಿಡುವೆನೆಂದು ಉಳಿದವರಿಗೆ ಗುಟ್ಟಾಗಿ ತಿಳಿಸಿದನು. ಹಣಕಾಸಿನ ಆಡಳಿತವನ್ನು ಅಲೆನ್ ಕ್ಲೈನನಿಗೆ ಒಪ್ಪಿಸಬೇಕೆಂದು ಮೂವರು, ಒಪ್ಪಿಸಕೂಡದೆಂದು ಮೆಕಾರ್ಟ್ನಿ. ಹೀಗೆ ಒಡಕು ಬೇರುಬಿಟ್ಟಿತು.

1970ರ ಮಾರ್ಚಿಯಲ್ಲಿ ಅದೇ ಟೇಪುಗಳು ಅಮೆರಿಕದ ನಿರ್ಮಾಪಕನಾದ ಫಿಲ್ ಸ್ಪೆಕ್ಟರನ ಕೈಗೆ ಹೋದುವು. ಲೆನನ್ ಹ್ಯಾರಿಸನರ ಒಪ್ಪಿಗೆಯಿತ್ತು, ಮೆಕಾರ್ಟ್ನಿಯನ್ನು ಕೇಳಲಿಲ್ಲ. ಸ್ಪೆಕ್ಟರನು ತುಂಬು ವಾದ್ಯವೃಂದದ ಘೋಷಕ್ಕೆ ಹೆಸರಾದವನು. ‘ಐ ಮೀ ಮೈನ್’ ಎಂಬ ಹ್ಯಾರಿಸನನ ಹಾಡು ಒಂದೂವರೆ ನಿಮಿಷಕ್ಕೆ ತುಸು ಮೇಲ್ಪಟ್ಟಿದ್ದಿತು. ಅದರದೇ ಒಂದು ಭಾಗವನ್ನು ನಕಲುಮಾಡಿ ಸೇರಿಸಿ 2 ನಿಮಿಷ 25 ಸೆಕೆಂಡುಗಳಷ್ಟು ಮಾಡಿದನು. ‘ಡಿಗ್ ಇಟ್’ ಎಂಬುದು ಸುಮಾರು 12 ನಿಮಿಷ ಬೆಳೆದಿದ್ದಿತು. ಅದನ್ನು 50 ಸೆಕೆಂಡುಗಳಿಗೆ ಕತ್ತರಿಸಿದನು. ಏಪ್ರಿಲ್ 1ರಂದು ಆಬಿ ರೋಡ್ ಬೀದಿಯ ಮುದ್ರಣಶಾಲೆಯಲ್ಲಿ 18 ಪಿಟೀಲುಗಳು, ತುತ್ತೂರಿಗಳು, ಹಾರ್ಪ್ ವಾದ್ಯ, 14 ಮಂದಿ ಗಾಯಕಿಯರು ಇವರನ್ನೆಲ್ಲ ಕೂಡಿಸಿ ಮೂರು ಹಾಡುಗಳ ಮೇಲೆ ಹೊದಿಸಿದನು. ಮೇಳದವರಲ್ಲಿ ಅಂದು ಬಂದಿದ್ದವನು ಸ್ಟಾರನೊಬ್ಬನೇ. ಮೂರರಲ್ಲಿ ಒಂದು ಮೆಕಾರ್ಟ್ನಿಯ ‘ದಿ ಲಾಂಗ್ ಆ್ಯಂಡ್ ವೈಂಡಿಂಗ್ ರೋಡ್’. ಪಿಯಾನೋದ ಮುಂದೆ ಕುಳಿತು ಒಬ್ಬನು ತನ್ನಷ್ಟಕ್ಕೆ ಹಾಡಿಕೊಂಡಂತಿದ್ದ ಆ ಹಾಡು ದೇವಾಲಯದ ಉತ್ಸವದಂತಾಯಿತು.

ಏಪ್ರಿಲ್ 10ರಂದು ಮೆಕಾರ್ಟ್ನಿಯು ಮೇಳದಿಂದ ಹೊರಬಂದ ವಾರ್ತೆಯು ಪತ್ರಿಕೆಗಳಲ್ಲಿ ಪ್ರಕಟವಾಯಿತು. 14ರಂದು ಆತನು ಕ್ಲೈನನಿಗೊಂದು ಕಾಗದ ಬರೆದು, ಪಿಟೀಲು ತುತ್ತೂರಿಗಳನ್ನೂ ಗಾಯಕಿಯರ ದನಿಯನ್ನೂ ತಗ್ಗಿಸಬೇಕು, ಕೊನೆಯಲ್ಲಿರುವ ಹಾರ್ಪನ್ನು ತೆಗೆಯಬೇಕು, ಇಂತಹ ಕೆಲಸವನ್ನು ಇನ್ನೊಮ್ಮೆ ಮಾಡಕೂಡದು ಎಂದು ತಿಳಿಸಿದನು. ಯಾವ ಮಾರ್ಪಾಡೂ ಆಗಲಿಲ್ಲ. ಮೇ 8ರಂದು ಸಂಪುಟವು ಇಂಗ್ಲೆಂಡಿನಲ್ಲಿ ಬಿಡುಗಡೆಯಾಯಿತು. ಅದರ ಹೊದಿಕೆಯ ಹಿಂಬದಿಯಲ್ಲಿ, ನೇರವಾಗಿ ನುಡಿಸಿದ ಗಾನದ ಬಿಸುಪೂ ಹೊಸತನವೂ ಇದರಲ್ಲಿವೆಯೆಂದು ಹೊಗಳಿ, ಅದೇ ವಾಕ್ಯದಲ್ಲಿ ಸ್ಪೆಕ್ಟರನು ಇದನ್ನು ಪುನರ್ನಿರ್ಮಿಸಿದನೆಂದೂ ಮುದ್ರಿಸಿದ್ದಾರೆ! ಮೆಕಾರ್ಟ್ನಿಯು ಒಲ್ಲೆನೆಂದ ಆ ಹಾಡೇ ಜೂನ್ ತಿಂಗಳಿನಲ್ಲಿ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಡಿಸೆಂಬರ್ 31ರಂದು ಪಾಲುದಾರಿಕೆಯನ್ನು ಮುರಿಯಬೇಕೆಂದು ಆತನು ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ, ಹೇಳಿದ ಕಾರಣಗಳಲ್ಲಿ ಈ ಹಾಡಿಗಾದ ಗತಿಯೂ ಒಂದಾಗಿದ್ದಿತು.

ಸ್ಪೆಕ್ಟರನನ್ನು ಪ್ರಕ್ಷೇಪಕಾರನೆಂದು ನಿಂದಿಸಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ನಿಂದಿಸಿದವರು ಬಹಳ ಮಂದಿ. ಆದರೆ ಸಾಕ್ಷ್ಯಗಳನ್ನು ತಾರೀಖಿನ ಕ್ರಮದಲ್ಲಿ ಇಟ್ಟು ನೋಡಿದರೆ ಸಂಗತಿಯು ಅಷ್ಟು ಸರಳವಾಗಿಲ್ಲ. ಸಂಪುಟಕ್ಕೆ ಹೆಸರು ಕೊಟ್ಟ ‘ಲೆಟ್ ಇಟ್ ಬಿ’ ಹಾಡನ್ನೇ ತೆಗೆದುಕೊಳ್ಳೋಣ. ಸ್ವಪ್ನದಲ್ಲಿ ಕಂಡ ತನ್ನ ಮೃತ ಮಾತೆಯನ್ನು ನೆನೆದು ಮೆಕಾರ್ಟ್ನಿಯು ರಚಿಸಿದ ಹಾಡಿದು. 1969ರ ಏಪ್ರಿಲ್ 30ರಂದು ಹ್ಯಾರಿಸನನು ಇದರ ಮೇಲೆ ಹೊಸದಾಗಿ ಗಿಟಾರನ್ನು ನುಡಿಸಿ ಸೇರಿಸಿದನು. ಸಾಲದೆಂದು 1970ರ ಜನವರಿ 4ರಂದು ಮತ್ತೊಂದನ್ನು ಸೇರಿಸಿದನು. ಅದೇ ದಿನ ತುತ್ತೂರಿಗಳನ್ನೂ ಕೂಡಿಸಿದರು. ಮೆಕಾರ್ಟ್ನಿಯು ಅಲ್ಲಿಯೇ ಇದ್ದನು. ಸ್ಪೆಕ್ಟರನು ಟೇಪನ್ನು ಮುಟ್ಟುವುದಕ್ಕೆ ಮೊದಲೇ ಸಂಕಲ್ಪವು ಭಂಗವಾಗಿದ್ದಿತೆಂಬುದಕ್ಕೆ ಬೇರೆ ಪ್ರಮಾಣವೇಕೆ? ಸಂಕಲ್ಪವನ್ನು ಕಾಪಾಡಿದ ಜಾನ್ಸನ ಪಾಠವನ್ನು ಎರಡು ಸಲ ತಳ್ಳಿದವರೂ ಅವರೇ. ಆದುದರಿಂದ ಮೆಕಾರ್ಟ್ನಿಯ ನಿಜವಾದ ನೋವು ದನಿಯನ್ನು ಸೇರಿಸಿದರೆಂಬುದಲ್ಲ, ತನ್ನನ್ನು ಕೇಳದೆ ಸೇರಿಸಿದರೆಂಬುದು ಎಂದು ನಮಗೆ ತೋರುತ್ತದೆ. ಅದು ಸಣ್ಣ ನೋವೇನೂ ಅಲ್ಲ. ಅತ್ತ ಲೆನನನಾದರೋ, ಕಳಪೆಯಾಗಿ ಮುದ್ರಿತವಾಗಿದ್ದ ರಾಶಿಯನ್ನು ಸ್ಪೆಕ್ಟರನು ಕೇಳುವಂತೆ ಮಾಡಿಕೊಟ್ಟನೆಂದು ಆ ವರ್ಷದ ಕೊನೆಯಲ್ಲಿ ಹೊಗಳಿದನು. ಕರ್ತೃವು ಒಬ್ಬನಾಗಿದ್ದರೆ ಕರ್ತೃವಿನ ಇಷ್ಟವೇನೆಂದು ಕೇಳಬಹುದು. ನಾಲ್ವರು ನಾಲ್ಕು ಕಡೆ ಮುಖ ತಿರುಗಿಸಿದ ಮೇಲೆ ಯಾರನ್ನು ಕೇಳುವುದು?

2003ನೆಯ ನವೆಂಬರಿನಲ್ಲಿ ‘ಲೆಟ್ ಇಟ್ ಬಿ... ನೇಕೆಡ್’ ಎಂಬ ಪರಿಷ್ಕೃತ ಸಂಪುಟವು ಹೊರಬಂದಿತು. ಸ್ಪೆಕ್ಟರನ ಹೊದಿಕೆಗಳನ್ನೆಲ್ಲ ಕಳಚಿದ ಬೆತ್ತಲೆ ಪಾಠವೆಂಬುದು ಹೆಸರಿನ ಅರ್ಥ. ಶ್ರದ್ಧೆಯಿಂದ ಮಾಡಿದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದೇ ಮೂಲವೆನ್ನುವುದನ್ನು ನಾವು ಒಪ್ಪಲಾರೆವು. ಮಾಳಿಗೆಯ ಮೇಲೆ ಎರಡು ಸಲ ಹಾಡಿದ ‘ಐವ್ ಗಾಟ್ ಎ ಫೀಲಿಂಗ್’ ಹಾಡಿನ ಎರಡು ಮುದ್ರಣಗಳನ್ನು ಬೆಸೆದು ಇಲ್ಲಿ ಒಂದು ಮಾಡಿದ್ದಾರೆ; ಹಾಗೆ ಬೆಸೆದ ಹಾಡು ಯಾವ ದಿನವೂ ಯಾರೂ ಹಾಡಿದುದಲ್ಲ. ‘ದಿ ಲಾಂಗ್ ಆ್ಯಂಡ್ ವೈಂಡಿಂಗ್ ರೋಡ್’ ಇಲ್ಲಿ ಪಿಟೀಲುಗಳಿಲ್ಲದೆ ಮನೋಹರವಾಗಿದೆ, ನಿಜ. ಆದರೆ ಅದು ಜನವರಿ 31ರ ಮುದ್ರಣ, ಸ್ಪೆಕ್ಟರನು ಬಳಸಿದುದು 26ರದು. ಹಾಡುಗಳ ನಡುವಣ ಮಾತುಗಳನ್ನೂ ತೆಗೆದುಹಾಕಿದ್ದಾರೆ. ಸಂಕಲ್ಪಕ್ಕೆ ನಿಷ್ಠವಾಗಿರಬೇಕಾದ ಪಾಠದಲ್ಲಿ ಅಂದಿನ ಮಾತೇ ಇಲ್ಲವಾಯಿತು.

ಸ್ಪೆಕ್ಟರನ ಪಾಠದಲ್ಲಿಯೂ ಒಂದು ಕೈಚಳಕವಿರುವುದನ್ನು ಇಲ್ಲಿಯೇ ಹೇಳಬೇಕು. ಸಂಪುಟದ ಕೊನೆಯ ಹಾಡು ‘ಗೆಟ್ ಬ್ಯಾಕ್’ ಮುಗಿಯುತ್ತಲೇ, ಪರೀಕ್ಷೆಯಲ್ಲಿ ತೇರ್ಗಡೆಯಾದೆವೆಂದು ನಂಬಿದ್ದೇವೆ ಎಂಬರ್ಥದ ಲೆನನನ ವಿನೋದದ ಮಾತು ಕೇಳಿಬರುವುದು. ಆ ಮಾತನ್ನು ಆತನು ಆಡಿದುದು ಮಾಳಿಗೆಯ ಮೇಲೆ, 30ನೆಯ ತಾರೀಖು. ಹಾಡಾದರೋ 27ರಂದು ನೆಲಮಾಳಿಗೆಯಲ್ಲಿ ಹಾಡಿದುದು. ಕೇಳುವವನು ಮಾಳಿಗೆಯ ಹಾಡನ್ನೇ ಕೇಳಿದೆನೆಂದು ತಿಳಿದುಕೊಳ್ಳುವನು. ಒಂದು ಪ್ರತಿಯ ಕೊನೆಯ ಪದ್ಯವನ್ನು ಇನ್ನೊಂದು ಪ್ರತಿಗೆ ಅಂಟಿಸಿದ ಹಾಗಾಯಿತು. ಹಾಗಿದ್ದರೂ, 1970ರಲ್ಲಿ ಲೋಕವು ಕೇಳಿದ, ಹೊಗಳಿದ, ತೆಗಳಿದ, ನ್ಯಾಯಾಲಯದವರೆಗೆ ಹೋದ ಪಾಠವು ಅದೇ. ಚರಿತ್ರಕಾರನಿಗೆ ಅದನ್ನು ಬಿಟ್ಟು ಬೇರೆ ಮೂಲವಿಲ್ಲವೆಂಬುದು ನಮ್ಮ ಅಭಿಪ್ರಾಯ. ಉಳಿದವು ಅದರ ಪಕ್ಕದಲ್ಲಿಟ್ಟು ನೋಡಬೇಕಾದ ಪಾಠಾಂತರಗಳು.

ಆ ಪಾಠಾಂತರಗಳೂ ಈಗ ದೊರೆಯುತ್ತಿವೆ. ಜಾನ್ಸನು ಕಟ್ಟಿದ ‘ಗೆಟ್ ಬ್ಯಾಕ್’ ಸಂಪುಟವು 52 ವರ್ಷಗಳ ಮೇಲೆ, 2021ನೆಯ ಅಕ್ಟೋಬರಿನಲ್ಲಿ, ಅಧಿಕೃತವಾಗಿ ಬೆಳಕು ಕಂಡಿತು. ಮರುತಿಂಗಳು ಪೀಟರ್ ಜ್ಯಾಕ್ಸನನು ಅಂದಿನ ಸುಮಾರು 60 ಗಂಟೆಗಳ ಚಿತ್ರದಿಂದ ಹೆಚ್ಚುಕಡಿಮೆ 8 ಗಂಟೆಗಳ ಚಿತ್ರವನ್ನು ಮಾಡಿ ಲೋಕದ ಮುಂದಿಟ್ಟನು. ಆ ಜನವರಿಯೆಲ್ಲ ಜಗಳವೇ ಆಗಿದ್ದಿತೆಂದು ಐವತ್ತು ವರ್ಷ ನಂಬಿದ್ದವರು, ನಾಲ್ವರೂ ಒಬ್ಬರನ್ನೊಬ್ಬರು ಅಣಕಿಸಿಕೊಂಡು ಬಿದ್ದು ಬಿದ್ದು ನಗುವುದನ್ನೂ, ಒಂದು ಬೆಳಗ್ಗೆ ಲೆನನನು ಬರುವುದು ತಡವಾಗಿರಲು ಮೆಕಾರ್ಟ್ನಿಯು ಬೇಸ್ ಗಿಟಾರನ್ನು ಬಡಿಬಡಿದು ‘ಗೆಟ್ ಬ್ಯಾಕ್’ ಹಾಡನ್ನು ಇಲ್ಲದ ಕಡೆಯಿಂದ ತಡಕಿ ತೆಗೆಯುವುದನ್ನೂ, ಪಕ್ಕದಲ್ಲಿ ಕುಳಿತ ಹ್ಯಾರಿಸನನು ಆಕಳಿಸುವುದನ್ನೂ ಅದರಲ್ಲಿ ಕಂಡರು.