ಹಾಡು ಕಲಿಸಿದೆವು, ಹಾಡಿನ ಲೆಕ್ಕ ಕಲಿಸಲಿಲ್ಲ

ನಮ್ಮ ಪರಿಚಯದ ಮನೆಯೊಂದರಲ್ಲಿ ಪಿಯುಸಿ ಮುಗಿಸಿದ ಹುಡುಗನೊಬ್ಬ, ಹಾಡು ಕಟ್ಟುವುದನ್ನೂ ಸಂಗೀತದ ವ್ಯವಹಾರವನ್ನೂ ವಿಶ್ವವಿದ್ಯಾಲಯದಲ್ಲಿ ಓದುತ್ತೇನೆ ಎಂದ. ಮನೆಯವರೆಲ್ಲ ನಕ್ಕರು. "ಹಾಡು ಬರೆಯೋದಕ್ಕೂ ಡಿಗ್ರಿ ಬೇಕಾ ಬೇಟಾ?" ಎಂದು ಅವನ ದಾದಾ ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಹಾಡು ಎಂಬುದು ದೇವರು ಕೊಟ್ಟ ಕಂಠ, ಗುರು ಕೊಟ್ಟ ವಿದ್ಯೆ. ಅದಕ್ಕೆ ಪರೀಕ್ಷೆ, ಅಂಕಪಟ್ಟಿ, ಕರಾರುಪತ್ರಗಳ ಹಂಗೇಕೆ?

ಆದರೆ ಹುಡುಗನ ಆಸೆ ಹೊಸದೇನೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ 1945ರಲ್ಲಿ ಆರಂಭವಾದ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಗೀತರಚನೆಯನ್ನೂ ಸಂಗೀತ ವ್ಯವಹಾರವನ್ನೂ ಪದವಿಯ ವಿಷಯಗಳಾಗಿ ಕಲಿಸುತ್ತಾರೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತಾವು ಓದಿದ ಹಳೆಯ ಶಾಲೆಯ ಕಟ್ಟಡದಲ್ಲೇ ಇಂಥದೊಂದು ಸಂಸ್ಥೆ ತೆರೆಯಲು ಮುಂದೆ ನಿಂತರು. ಲಿವರ್‌ಪೂಲಿನ ಆ ಸಂಸ್ಥೆ 1996ರಲ್ಲಿ ಬಾಗಿಲು ತೆರೆಯಿತು. ನಮ್ಮ ನೆರೆಯ ಚೆನ್ನೈನಲ್ಲಿ ಎ.ಆರ್. ರಹಮಾನ್ 2008ರಲ್ಲಿ ಸಂಗೀತ ಶಾಲೆ ಕಟ್ಟಿದರು. ಹಾಗಾದರೆ ಇದೆಲ್ಲ ಪರದೇಶದಿಂದ ಬಂದ ಹೊಸ ಗಾಳಿಯೇ? ನಮ್ಮ ನೆಲದ ಚರಿತ್ರೆಯನ್ನು ತಿರುವಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಹಾಡು ಕಟ್ಟುವುದನ್ನು ಕಲಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಉರ್ದು ಕಾವ್ಯದಲ್ಲಿ ಅದಕ್ಕೆ 'ಇಸ್ಲಾಹ್' ಎಂದು ಹೆಸರು. ಶಾಗಿರ್ದ್ ಬರೆದ ಗಜಲನ್ನು ಉಸ್ತಾದ್ ತಿದ್ದಬೇಕು, ಸಡಿಲ ಪದವನ್ನು ತೆಗೆದು ಬಿಗಿಯಾದ ಪದವನ್ನು ಕೂರಿಸಬೇಕು. ಹೈದರಾಬಾದಿನ ನಿಜಾಮರ ಆಸ್ಥಾನದಲ್ಲಿದ್ದ ದಾಗ್ ದೆಹಲವಿ ಈ ಕೆಲಸವನ್ನು ಅಂಚೆಯ ಮೂಲಕವೂ ಮಾಡುತ್ತಿದ್ದರು. ದೂರದ ಪಂಜಾಬಿನಿಂದ ಯುವಕ ಇಕ್ಬಾಲ್ ಕಳಿಸಿದ ಗಜಲುಗಳನ್ನು ತಿದ್ದಿ ಹಿಂದಕ್ಕೆ ಕಳಿಸಿದವರು ಅವರೇ. ದೂರಶಿಕ್ಷಣ ಎಂಬ ಮಾತು ಹುಟ್ಟುವ ಮೊದಲೇ ನಡೆದ ದೂರಶಿಕ್ಷಣ ಅದು.

ಇನ್ನು ಹಾಡಿನ ಒಡೆತನದ ಪ್ರಶ್ನೆ. ಕಾಯಿದೆ ಇಲ್ಲದ ಕಾಲದಲ್ಲೂ ನಮ್ಮವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹಾಡಿನ ಒಳಗೇ ಹೆಸರನ್ನು ನೇಯ್ದುಬಿಡುವುದು! ವಚನಕಾರರಿಗೂ ದಾಸರಿಗೂ ಅಂಕಿತ; ಉರ್ದು ಕವಿಗಳಿಗೆ ತಖಲ್ಲುಸ್. ಮೊಗಲ್ ದೊರೆ ಮುಹಮ್ಮದ್ ಷಾನ ದರ್ಬಾರಿನಲ್ಲಿದ್ದ ನಿಯಾಮತ್ ಖಾನರು ತಮ್ಮ ಖಯಾಲುಗಳಲ್ಲಿ 'ಸದಾರಂಗ್' ಎಂಬ ಮುದ್ರೆಯಿಟ್ಟರು. ಮುನ್ನೂರು ವರ್ಷ ಸಮೀಪಿಸುತ್ತ ಬಂದರೂ ಗಾಯಕರು ಆ ಬಂದಿಶ್‌ಗಳನ್ನು ಹಾಡುವಾಗ ಅವರ ಹೆಸರನ್ನೂ ಹಾಡುತ್ತಾರೆ. ಶಿಶುನಾಳ ಶರೀಫರ ತತ್ವಪದಗಳು ಪುಸ್ತಕದ ನೆರವಿಲ್ಲದೆ ಬಾಯಿಂದ ಬಾಯಿಗೆ ಹರಿದವು. 'ಶಿಶುನಾಳಧೀಶ' ಎಂಬ ಅಂಕಿತ ಅವುಗಳಿಗೆ ಕಾವಲಾಗಿತ್ತು. ಅಂಕಿತ ಹೆಸರನ್ನು ಉಳಿಸಿತು, ನಿಜ. ಅದು ಅನ್ನ ಕೊಡಲಿಲ್ಲ.

ಅನ್ನ ಕೊಡುತ್ತಿದ್ದುದು ದರ್ಬಾರು. ಆದ್ದರಿಂದಲೇ ಘರಾನೆಯ ಉಸ್ತಾದರಿಗೆ ಬಂದಿಶ್ ಎಂಬುದು ಹೊಲ ಮನೆಗಳಂತೆ ಆಸ್ತಿ. ಮಗಳ ಮದುವೆಯಲ್ಲಿ ಬಂದಿಶ್‌ಗಳನ್ನೇ ಬಳುವಳಿಯಾಗಿ ಕೊಟ್ಟ ಕತೆಗಳು ಸಂಗೀತಗಾರರ ನಡುವೆ ಇಂದಿಗೂ ಓಡಾಡುತ್ತವೆ. ಉಸ್ತಾದರು ವಿದ್ಯೆಯನ್ನು ಬಚ್ಚಿಟ್ಟರು ಎಂದು ದೂರುವವರು ಇದನ್ನು ಮರೆಯಬಾರದು. ಬಚ್ಚಿಡದಿದ್ದರೆ ನಾಳೆಯ ರೊಟ್ಟಿಗೆ ಅವರಲ್ಲಿ ಬೇರೆ ಬಂಡವಾಳ ಯಾವುದಿತ್ತು?

ಈ ಬಚ್ಚಿಟ್ಟ ವಿದ್ಯೆಯ ಬಾಗಿಲು ತೆರೆದವರಲ್ಲಿ ಮೊದಲಿಗರು ಒಬ್ಬ ಉಸ್ತಾದರೇ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಅವರು ಮೌಲಾ ಬಕ್ಷ್. 1833ರಲ್ಲಿ ಉತ್ತರ ಭಾರತದಲ್ಲಿ ಹುಟ್ಟಿದ ಇವರಿಗೂ ನಮ್ಮ ಮೈಸೂರಿಗೂ ಗಾಢವಾದ ನಂಟಿದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಪಳಗಿದ್ದ ಅವರು ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನೂ ಕಲಿತರು, ಮೈಸೂರು ಆಸ್ಥಾನದ ಮನ್ನಣೆ ಪಡೆದರು. ಅವರು ವರಿಸಿದ ಹೆಣ್ಣು ಟಿಪ್ಪು ಸುಲ್ತಾನರ ವಂಶದವರು ಎಂಬುದು ಆ ಮನೆತನದವರ ಹೇಳಿಕೆ. ಮುಂದೆ ಬರೋಡೆಗೆ ಹೋದ ಮೌಲಾ ಬಕ್ಷ್, ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಗಾಯನಶಾಲೆ ಆರಂಭಿಸಿದರು. ಸ್ವರಗಳನ್ನು ಕಾಗದದ ಮೇಲೆ ಬರೆಯುವ ಲಿಪಿಯನ್ನು ರೂಪಿಸಿ ಪುಸ್ತಕಗಳನ್ನು ಹೊರತಂದರು. ಯಾವ ಮನೆಯ ಹುಡುಗನಾದರೂ ಬಂದು ಕಲಿಯಬಹುದು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರು 1896ರಲ್ಲಿ ತೀರಿಕೊಂಡರು. ಅವರ ಮೊಮ್ಮಗ ಇನಾಯತ್ ಖಾನ್ ವೀಣೆ ಹಿಡಿದು 1910ರಲ್ಲಿ ಅಮೆರಿಕಕ್ಕೆ ಹೊರಟು, ಮುಂದೆ ಸೂಫಿ ಗುರುವಾಗಿ ಪಶ್ಚಿಮದಲ್ಲಿ ಹೆಸರಾದರು. ಅಜ್ಜನ ಗಾಯನಶಾಲೆ, 1949ರಲ್ಲಿ ಸ್ಥಾಪನೆಯಾದ ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಭಾಗವಾಯಿತು.

ಮೌಲಾ ಬಕ್ಷರ ನಂತರ ಎರಡು ದೊಡ್ಡ ಹೆಸರುಗಳು ಬರುತ್ತವೆ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜರ ಕೃಪೆಗೆ ಕಾಯದೆ ಟಿಕೆಟ್ ಇಟ್ಟು ಕಚೇರಿ ನಡೆಸಿದರು, ಚಂದಾ ಎತ್ತಿದರು, ಪುಸ್ತಕ ಅಚ್ಚು ಹಾಕಿಸಿ ಮಾರಿದರು. ಸಂಗೀತದ ವ್ಯವಹಾರವನ್ನು ಬೀದಿಯಲ್ಲಿ ನಿಂತು ಕಲಿತವರು ಅವರು. ಆದರೆ ಕೊನೆಗೆ ಮುಂಬೈಯ ಶಾಲಾ ಕಟ್ಟಡವನ್ನು ಸಾಲ ನುಂಗಿತು. ಇನ್ನೊಬ್ಬರು ವಿಷ್ಣು ನಾರಾಯಣ ಭಾತಖಂಡೆ. ಊರೂರು ಅಲೆದು, ಉಸ್ತಾದರ ಮುಂದೆ ಕುಳಿತು, ಸಾವಿರಾರು ಬಂದಿಶ್‌ಗಳನ್ನು ಸ್ವರಲಿಪಿಗೆ ಇಳಿಸಿದರು. 1916ರಲ್ಲಿ ಬರೋಡೆಯಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ, 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಅವರ ಶ್ರಮದ ಫಲ. ಆ ಕಾಲೇಜು ಇಂದು ಅವರ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯ.

ಭಾತಖಂಡೆಯವರು ವೃತ್ತಿಯಿಂದ ವಕೀಲರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಮನೆತನಗಳ ಆಸ್ತಿಯಾಗಿದ್ದ ಹಾಡನ್ನು ಅವರು ಎಲ್ಲರ ಕೈಗೆಟುಕುವಂತೆ ಮಾಡಿದರು. ಅದು ಉಪಕಾರವೇ. ಗಂಡುಹೆಣ್ಣೆನ್ನದೆ ಮಧ್ಯಮ ವರ್ಗದ ಮಕ್ಕಳು ತಲೆಯೆತ್ತಿ ಸಂಗೀತ ಕಲಿತದ್ದು ಅದರಿಂದಲೇ. ಆದರೆ ಆಸ್ತಿ ಕಳೆದುಕೊಂಡ ಮನೆತನಕ್ಕೆ ಬದಲಿಗೆ ಏನು ಸಿಗಬೇಕು ಎಂಬ ಪ್ರಶ್ನೆಗೆ ಹೊಸ ಪಠ್ಯಕ್ರಮದಲ್ಲಿ ಜಾಗವಿರಲಿಲ್ಲ. ರಾಗಲಕ್ಷಣ, ತಾಳ, ಇತಿಹಾಸ, ಪರೀಕ್ಷೆ ಇವೆಲ್ಲ ಬಂದವು. ಹೊಸ ಹಾಡು ಕಟ್ಟುವುದು ಹೇಗೆ, ಕಟ್ಟಿದವನು ಬದುಕುವುದು ಹೇಗೆ ಎಂಬುದು ಬರಲಿಲ್ಲ.

ಅದೇ ಹೊತ್ತಿಗೆ ಹೊರಗೆ ಸಂತೆ ನೆರೆದಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನ್ ಕಂಪೆನಿಯ ಯಂತ್ರದ ಮುಂದೆ ಗೌಹರ್ ಜಾನ್ ಹಾಡಿದರು. ತಾಸುಗಟ್ಟಲೆ ಬೆಳೆಸುವ ರಾಗವನ್ನು ಎರಡು ಮೂರು ನಿಮಿಷಕ್ಕೆ ಇಳಿಸಿ, ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪರದೇಶದಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಸದಾರಂಗರ ಮುದ್ರೆ ಯಂತ್ರಯುಗದಲ್ಲಿ ಹೊಸ ವೇಷ ತೊಟ್ಟು ಬಂದಂತೆ ಇದು. ಗೌಹರ್ ಜಾನ್ ತಮ್ಮ ಬೆಲೆಯನ್ನು ತಾವೇ ಹೇಳಿ ಪಡೆದ ಹೆಣ್ಣುಮಗಳು. ಆದರೂ ಕೋರ್ಟು ಕಚೇರಿಗಳಲ್ಲಿ ಸಂಪತ್ತು ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಅವರಿಗೆ ಆಸರೆ ಕೊಟ್ಟಿತು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ಕಣ್ಮುಚ್ಚಿದರು. ತಟ್ಟೆಗಳು ಮಾರಾಟವಾಗಿದ್ದವು, ಹಾಡಿದವರಿಗೆ ಕೊನೆಗೂ ಬೇಕಾದದ್ದು ಅರಮನೆಯ ಅನ್ನ.

ಸಿನಿಮಾ ಬಂದ ಮೇಲೆ ಲೆಕ್ಕ ಇನ್ನಷ್ಟು ಸಿಕ್ಕಾಯಿತು. ರೇಡಿಯೋದಲ್ಲಿ ಹಾಡಿನೊಂದಿಗೆ ಬರೆದವರ ಹೆಸರನ್ನೂ ಹೇಳಬೇಕೆಂದು ಹಟ ಹಿಡಿದವರು ಸಾಹಿರ್ ಲೂಧಿಯಾನ್ವಿ. ಅರವತ್ತರ ದಶಕದ ಆರಂಭದಲ್ಲಿ ಗಾಯಕರಿಗೂ ರಾಯಧನ ಬೇಕೆಂದರು ಲತಾ ಮಂಗೇಶ್ಕರ್. ಹಾಡಿದ್ದಕ್ಕೆ ಹಣ ಪಡೆದ ಮೇಲೆ ಲೆಕ್ಕ ಮುಗಿಯಿತು ಎಂದರು ಮುಹಮ್ಮದ್ ರಫಿ. ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. ರಫಿ ಸಾಹೇಬರ ಮಾತಿನಲ್ಲಿ ಒಬ್ಬ ಸಜ್ಜನನ ಸಂತೃಪ್ತಿಯಿದೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಹಾಡು ಲೆಕ್ಕ ಮುಗಿಸಿರಲಿಲ್ಲ, ಯಾರದೋ ಪೆಟ್ಟಿಗೆಗೆ ದುಡಿಯುತ್ತಲೇ ಇತ್ತು. ಲತಾ ಕೇಳಿದ್ದು ಆ ಪೆಟ್ಟಿಗೆಯ ಕುರಿತು.

1957ರ ಕೃತಿಸ್ವಾಮ್ಯ ಕಾಯಿದೆ ಬಂದಿತ್ತಾದರೂ, 1977ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನಿಂದ ಚಿತ್ರ ಸಾಹಿತಿಗಳ, ಸಂಗೀತ ನಿರ್ದೇಶಕರ ಕೈ ಬರಿದಾಯಿತು. ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಚಿತ್ರಕ್ಕಾಗಿ ಮಾಡಿಸಿಕೊಂಡ ಹಾಡಿಗೆ ನಿರ್ಮಾಪಕನೇ ಮೊದಲ ಒಡೆಯ ಎಂಬುದು ಅದರ ಸಾರ. 'ಬೇರೆ ಕರಾರು ಇಲ್ಲದಿದ್ದರೆ' ಎಂಬ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕು. ಕರಾರು ಓದಲು ಕಲಿತಿದ್ದವರು ಎಷ್ಟು ಮಂದಿ? 1994ರ ತಿದ್ದುಪಡಿ ಗಾಯಕ ವಾದಕರಿಗೆ ಒಂದಿಷ್ಟು ಹಕ್ಕು ಕೊಟ್ಟಿತು. 2012ರ ತಿದ್ದುಪಡಿ ಬರಲು, ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಬಹಳ ದುಡಿದರು. ಅದರಂತೆ, ಚಿತ್ರದ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲು ಸಲ್ಲಬೇಕು. ವಾರಸುದಾರರಿಗೆ ಅಥವಾ ಹಕ್ಕು ಸಂಗ್ರಹಿಸುವ ಸಂಘಕ್ಕೆ ಹೊರತು ಬೇರೆ ಯಾರಿಗೂ ಅದನ್ನು ಬಿಟ್ಟುಕೊಡುವಂತಿಲ್ಲ.

ಇದನ್ನೆಲ್ಲ ನಾವು ತಡವಾಗಿ ತಿಳಿದೆವು. ಇಪ್ಪತ್ತು ವರ್ಷಗಳಿಗೂ ಹಿಂದೆ ಒಂದು ಧ್ವನಿಸುರುಳಿಗೆ ಆರು ಹಾಡು ಬರೆದುಕೊಟ್ಟೆವು. ಲಕೋಟೆಯಲ್ಲಿ ಕೆಲವು ನೋಟುಗಳಿದ್ದವು, ಜೊತೆಗೆ ರುಜು ಹಾಕಲು ಒಂದು ಹಾಳೆ. ನಮಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಚೆನ್ನಾಗಿ ಬರುತ್ತಿತ್ತು, ಹಾಳೆ ಇಂಗ್ಲಿಷಿನಲ್ಲಿತ್ತು. ನಾಚಿಕೆಯಿಂದ ಏನೂ ಕೇಳದೆ ರುಜು ಹಾಕಿದೆವು. ಕೆಲವು ವರ್ಷಗಳ ಮೇಲೆ ಆಟೋರಿಕ್ಷಾ ಒಂದರಲ್ಲಿ ನಮ್ಮದೇ ಹಾಡು ಕೇಳಿಬಂತು. ಚಾಲಕ ತೋರಿಸಿದ ಸುರುಳಿಯ ಹೊದಿಕೆಯಲ್ಲಿ ಸಾಹಿತ್ಯ ಎಂಬಲ್ಲಿ ಬೇರೆಯವರ ಹೆಸರಿತ್ತು. ಹಣ ಹೋದದ್ದಕ್ಕಿಂತ ಹೆಸರು ಹೋದದ್ದು ಹೆಚ್ಚು ನೋಯಿಸಿತು. ಅಂಕಿತವಿಡುವ ಅಭ್ಯಾಸ ಬಿಟ್ಟ ತಲೆಮಾರಿನವರು ನಾವು. ಅಂಕಿತದ ಜಾಗಕ್ಕೆ ಬಂದ ಕರಾರನ್ನೂ ಓದಲಿಲ್ಲ.

ಕನ್ನಡಕ್ಕೆ ಈ ಮಾತು ಹೊರಗಿನದಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಾಗ, ಕವಿತೆ ಧ್ವನಿಸುರುಳಿಯೇರಿ ಮನೆಮನೆಗೆ ಹೋಗಬಲ್ಲದು ಎಂದು ನಾಡಿಗೆ ಗೊತ್ತಾಯಿತು. ಆ ಕವಿಗೆ ಭೂವಿಜ್ಞಾನ ಕಲಿಸುವ ಕಾಲೇಜು ಕೆಲಸವಿತ್ತು. ಕೆಲಸವಿಲ್ಲದ ಕವಿಗಳ ಗತಿ ಏನು? ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು, ಅವರಿಂದ ಗಂಗೂಬಾಯಿ ಹಾನಗಲ್ ಕಲಿತರು. ಮೈಸೂರಿನಲ್ಲಿ ಈಗ ಆ ತಾಯಿಯ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಮೌಲಾ ಬಕ್ಷರು ಕಲಿತುಹೋದ ಊರು, ಗೌಹರ್ ಜಾನ್ ಕಣ್ಮುಚ್ಚಿದ ಊರು ಅದು. ನಮ್ಮ ಎಲ್ಲ ಸಂಗೀತ ವಿದ್ಯಾಲಯಗಳಲ್ಲೂ ರಾಗದ ಪಾಠದ ಪಕ್ಕದಲ್ಲಿ ಕರಾರಿನ ಪಾಠವನ್ನೂ ಕನ್ನಡದಲ್ಲೇ ಹೇಳಿಕೊಡುವಂತಾಗಬೇಕು ಎಂಬುದು ನಮ್ಮ ಆಸೆ.

ಇಸ್ಲಾಹ್ ಹಾಡನ್ನು ತಿದ್ದುವುದು ನಿಜ. ಹಾಡುವವನ ಬದುಕನ್ನೂ ಅದು ತಿದ್ದಬೇಕಲ್ಲವೇ? ಆ ಹುಡುಗನ ದಾದಾನವರಿಗೆ ನಾವು ಹೇಳಿದ್ದು ಇಷ್ಟೇ: "ಚಾಚಾ, ಹಾಡು ಅವನಿಗೆ ಬರುತ್ತದೆ. ರುಜು ಹಾಕುವ ಮೊದಲು ಓದುವುದನ್ನು ಕಲಿತು ಬರಲಿ, ಕಳಿಸಿಕೊಡಿ."