ಬೇಲಿಯೊಳಗಿನ ಪೌರರು

ದೇಶವನ್ನು ಪ್ರೀತಿಸುವವನು ದೇಶದ ಅಪ್ಪಣೆಯನ್ನು ಮೀರಬಹುದೆ? ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿಯೇ ಎದುರಿಸಬೇಕಾಗಿ ಬಂದ ಕೆಲವು ತರುಣರ ಚರಿತ್ರೆಯನ್ನು ನಾವು ಈ ಹೊತ್ತು ಆಲೋಚಿಸೋಣ.

1941ನೆಯ ಇಸವಿ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಎರಗಿದುವು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಜಪಾನೀ ಮೂಲದವರು ಬಹುಕಾಲದಿಂದ ಬೇಸಾಯ, ಮೀನುಗಾರಿಕೆ, ವ್ಯಾಪಾರಗಳಿಂದ ಜೀವಿಸುತ್ತಿದ್ದರು. ಜಪಾನಿನಿಂದ ಬಂದ ಹಿರಿಯರು ಬಿಳಿಯ ವರ್ಣದವರಲ್ಲವೆಂಬ ಕಾರಣದಿಂದ ಕಾನೂನು ಅವರಿಗೆ ಪೌರತ್ವವನ್ನು ನಿರಾಕರಿಸಿದ್ದಿತು. ಅವರ ಮಕ್ಕಳಾದರೋ ಅಲ್ಲಿಯೇ ಹುಟ್ಟಿ ಬೆಳೆದವರು, ಹುಟ್ಟಿನಿಂದಲೇ ಪೌರರು.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರು ಒಂದು ಆಜ್ಞೆಯನ್ನು ಹೊರಡಿಸಿದರು. ಅದರಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೆ ಅದರ ಬಲದಿಂದ ಸೇನಾಧಿಕಾರಿಗಳು ಜಪಾನೀ ರಕ್ತದವರನ್ನೆಲ್ಲ ಮನೆಮಠಗಳಿಂದ ಎಬ್ಬಿಸಿದರು. ಹೀಗೆ ಶಿಬಿರ ಸೇರಿದವರು ಸುಮಾರು 1,20,000 ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರು. ಯಾರು ಏನು ತಪ್ಪು ಮಾಡಿದರೆಂಬ ವಿಚಾರಣೆ ನಡೆಯಲಿಲ್ಲ. ಜರ್ಮನಿ, ಇಟಲಿಗಳೂ ಶತ್ರುರಾಷ್ಟ್ರಗಳಾಗಿದ್ದರೂ, ಆ ಮೂಲದ ಪೌರರನ್ನು ಹೀಗೆ ಸಮೂಹವಾಗಿ ಸಾಗಿಸಲಿಲ್ಲ.

ವಯೋಮಿಂಗ್ ಸಂಸ್ಥಾನದ ಹಾರ್ಟ್ ಮೌಂಟನ್ ಎಂಬಲ್ಲಿ ಇಂಥದೊಂದು ಶಿಬಿರವಿದ್ದಿತು. ಮುಳ್ಳುತಂತಿಯ ಬೇಲಿ, ಕಾವಲುಗೋಪುರ, ಟಾರು ಕಾಗದ ಹೊದಿಸಿದ ಮರದ ಕೊಟ್ಟಿಗೆಗಳು. ಇವುಗಳ ನಡುವೆ 10,000ಕ್ಕೂ ಮಿಕ್ಕಿದ ಜನರು ವಾಸವಾಗಿದ್ದರು. 1944ರ ಜನವರಿಯಲ್ಲಿ ಸರ್ಕಾರವು ಈ ತರುಣರಿಗೂ ಸೈನ್ಯಸೇವೆ ಕಡ್ಡಾಯವೆಂದು ಸಾರಿತು. ತಂದೆತಾಯಿಗಳು ಸೆರೆಯಲ್ಲಿ, ಮಗನು ಸ್ವಾತಂತ್ರ್ಯರಕ್ಷಣೆಯ ಯುದ್ಧದಲ್ಲಿ! ಎಂಥ ವಿಪರ್ಯಾಸವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಶಿಬಿರದಲ್ಲಿ ಕಿಯೋಷಿ ಒಕಮೋಟೊ ಎಂಬವರು ಸಂವಿಧಾನದ ವಿಷಯವಾಗಿ ಜನರಿಗೆ ಉಪನ್ಯಾಸ ಮಾಡುತ್ತಿದ್ದರು. ಅವರ ಸುತ್ತ 'ಫೇರ್ ಪ್ಲೇ ಕಮಿಟಿ' ಎಂಬ ಕೂಟವು ಬೆಳೆಯಿತು. ನಮ್ಮ ಹಕ್ಕುಗಳನ್ನು ಮೊದಲು ಹಿಂದಿರುಗಿಸಿರಿ, ಆ ಬಳಿಕ ಸೈನ್ಯಕ್ಕೆ ಬರುವೆವು ಎಂಬುದು ಆ ಕೂಟದವರ ನಿಲುವು. ಅವರು ಜಪಾನಿನ ಪಕ್ಷವನ್ನು ವಹಿಸಲಿಲ್ಲ. ಅಮೆರಿಕದ ಸಂವಿಧಾನವನ್ನೇ ಹಿಡಿದು ವಾದಿಸಿದರು.

ಅಪ್ಪಣೆ ಮೀರಿದ 63 ತರುಣರನ್ನು ಜೂನ್ ತಿಂಗಳಲ್ಲಿ ಷಯನ್ ನಗರದಲ್ಲಿ ಒಟ್ಟಿಗೆ ವಿಚಾರಣೆಗೆ ಗುರಿಪಡಿಸಿ, ಮೂರು ಮೂರು ವರ್ಷದ ಶಿಕ್ಷೆ ವಿಧಿಸಲಾಯಿತು. ಮರುತಿಂಗಳೇ ಕ್ಯಾಲಿಫೋರ್ನಿಯದಲ್ಲಿ, ಟೂಲಿ ಲೇಕ್ ಶಿಬಿರದ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲಿನ ಇಂಥದೇ ಮೊಕದ್ದಮೆಯು ನ್ಯಾಯಾಧೀಶ ಲೂಯಿ ಗುಡ್‌ಮನ್ನರ ಮುಂದೆ ಬಂದಿತು. ಪೌರನನ್ನು ನಿಷ್ಠೆಯಿಲ್ಲದವನೆಂಬ ಸಂದೇಹದಿಂದ ಕೂಡಿಹಾಕಿ, ಬಳಿಕ ಸೇನೆಗೆ ಸೇರದುದಕ್ಕೆ ದಂಡಿಸುವುದು ಅಂತಃಕರಣಕ್ಕೆ ಒಗ್ಗದೆಂದು ಹೇಳಿ ಅವರು ಅದನ್ನು ತಳ್ಳಿಹಾಕಿದರು. ಕಾನೂನು ಒಂದೇ, ಕಾಲವೂ ಒಂದೇ. ತೀರ್ಪು ಮಾತ್ರ ಬೇರೆ.

ಸೈನ್ಯಕ್ಕೆ ಸೇರಿದ ಜಪಾನೀ ಮೂಲದ ತರುಣರು ಇಟಲಿ, ಫ್ರಾನ್ಸುಗಳ ರಣರಂಗದಲ್ಲಿ ಮಹತ್ತಾದ ಕೀರ್ತಿಯನ್ನು ಪಡೆದರು. ಅವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಲ್ಲೆನೆಂದವರನ್ನು ಸ್ವಜನರೇ ಹೇಡಿಗಳೆಂದೂ ದ್ರೋಹಿಗಳೆಂದೂ ಜರೆದರು. ಅಧ್ಯಕ್ಷ ಟ್ರೂಮನ್ನರು 1947ರ ಡಿಸೆಂಬರಿನಲ್ಲಿ ಈ ಕೈದಿಗಳಿಗೆ ಕ್ಷಮಾದಾನವನ್ನು ಕೊಟ್ಟರೂ ಆ ಕಳಂಕವು ಅಳಿಯಲಿಲ್ಲ. 1988ರ ಕಾನೂನಿನಿಂದ ರಾಷ್ಟ್ರವು ಶಿಬಿರವಾಸಿಗಳ ಕ್ಷಮೆ ಬೇಡಿ, ಬದುಕಿ ಉಳಿದ ಒಬ್ಬೊಬ್ಬರಿಗೂ 20,000 ಡಾಲರುಗಳ ಪರಿಹಾರವನ್ನು ಗೊತ್ತುಮಾಡಿತು. ಅಮೆರಿಕದ ಜಪಾನೀಯರ ಪ್ರಧಾನ ಸಂಘವು ಈ ನಿರಾಕರಿಸಿದವರ ಕ್ಷಮೆಯನ್ನು ಬಹಿರಂಗವಾಗಿ ಕೇಳಿದುದು 2002ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರು ಕಾಲವಶರಾಗಿದ್ದರು.

ರಕ್ತವನ್ನು ನೋಡಿ ನಿಷ್ಠೆಯನ್ನು ಅಳೆಯುವ ರಾಜ್ಯವು ಆಕ್ಷೇಪಣೆಯಲ್ಲೆಲ್ಲ ದ್ರೋಹವನ್ನೇ ಕಾಣುವುದು ಸಹಜ. ಆದರೆ ಮನೆಗೆ ಬಂದ ಅತಿಥಿ ಅಸಮಾಧಾನವಾದರೆ ಸುಮ್ಮನೆ ಎದ್ದು ಹೋಗುತ್ತಾನೆ. ನ್ಯಾಯ ಕೇಳಿ ಅಂಗಳದಲ್ಲಿ ನಿಲ್ಲುವವನು ಮನೆಯ ಮಗ. ಹಾರ್ಟ್ ಮೌಂಟನ್ನಿನ ತರುಣರು ಒಲ್ಲೆವೆಂದಾಗ ಆ ದೇಶವು ತಮ್ಮದೆಂಬುದನ್ನೇ ಸಾರಿದರು. ಅದನ್ನು ತಿಳಿದುಕೊಳ್ಳಲು ಅವರ ದೇಶಕ್ಕೂ ಅವರ ಜನಕ್ಕೂ ಅರ್ಧ ಶತಮಾನ ಹಿಡಿಯಿತು.