ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟಬೇಕೆ?

ನಮ್ಮ ಹಳ್ಳಿಗಳಲ್ಲಿ ಪತ್ರಿಕೆ ಓದುವ ಕ್ರಮವೇ ಬೇರೆ. ಒಬ್ಬರು ತಲೆಬರಹವನ್ನು ಗಟ್ಟಿಯಾಗಿ ಓದುತ್ತಾರೆ, ಹತ್ತು ಮಂದಿ ಕೇಳುತ್ತಾರೆ. ಕೆಳಗಿನ ಸುದ್ದಿ ಓದುವ ಮೊದಲೇ ಚರ್ಚೆ ಶುರು. ಚಹಾ ಮುಗಿಯುವುದರೊಳಗೆ ತೀರ್ಪೂ ಆಗಿಹೋಗುತ್ತದೆ! 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಹೊರಡಿಸಿದಂದಿನಿಂದ ಕನ್ನಡಿಗರಿಗೆ ಪತ್ರಿಕೆಯ ರುಚಿ ಹತ್ತಿದೆ. ಆದರೆ ಪೂರ್ತಿ ಓದುವ ರುಚಿ ಎಷ್ಟು ಜನಕ್ಕೆ ಹತ್ತಿದೆಯೋ ದೇವರೇ ಬಲ್ಲ.

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ, ಲೋಕದ ಕೆಲವು ಹಳೆಯ ತಲೆಬರಹಗಳನ್ನೂ ಅವು ಮಾಡಿದ ಅವಾಂತರಗಳನ್ನೂ ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ. ನಕ್ಕು ಬಿಡುವಂಥವೂ ಇವೆ, ನಗು ನಿಲ್ಲಿಸುವಂಥವೂ ಇವೆ.

ಮೊದಲು ಅಮೆರಿಕದ ಕಥೆ. 1948ರ ನವೆಂಬರಿನಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ. ಹ್ಯಾರಿ ಟ್ರೂಮನ್ ಒಂದು ಕಡೆ, ಥಾಮಸ್ ಡ್ಯೂಯಿ ಇನ್ನೊಂದು ಕಡೆ. ಟ್ರೂಮನ್ ಸೋಲುವುದು ಖಾತ್ರಿ ಎಂದು ಪಂಡಿತರೆಲ್ಲ ಭವಿಷ್ಯ ನುಡಿದಿದ್ದರು. 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆಯಲ್ಲಿ ಆಗ ಅಚ್ಚುಮೊಳೆ ಜೋಡಿಸುವವರ ಮುಷ್ಕರ ನಡೆದಿತ್ತು. ಹಾಗಾಗಿ ಪುಟಗಳನ್ನು ಮಾಮೂಲಿಗಿಂತ ಬೇಗ ಸಿದ್ಧಪಡಿಸಬೇಕಾಗಿತ್ತು. ಮತ ಎಣಿಕೆ ಮುಗಿಯುವ ತನಕ ಕಾಯಲು ಪುರುಸೊತ್ತೆಲ್ಲಿ? 'ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ' ಎಂದು ದಪ್ಪಕ್ಷರದಲ್ಲಿ ಹೊಡೆದು, ಸುಮಾರು ಒಂದೂವರೆ ಲಕ್ಷ ಪ್ರತಿ ಅಚ್ಚು ಹಾಕಿಬಿಟ್ಟರು. ಬೆಳಗಾಗುವಷ್ಟರಲ್ಲಿ ಗೆದ್ದವರು ಟ್ರೂಮನ್! ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಅದೇ ಪತ್ರಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹಲ್ಲು ಬಿಟ್ಟು ನಗುತ್ತಿರುವ ಅವರ ಫೋಟೋ ಜಗತ್ಪ್ರಸಿದ್ಧವಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಆಗುವುದು ಹೀಗೇ.

ಇನ್ನೊಂದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿರುವ ಸಂಗತಿ. 1979ರ ಜುಲೈ. ಅಮೆರಿಕದ 77 ಟನ್ ತೂಕದ 'ಸ್ಕೈಲ್ಯಾಬ್' ಆಕಾಶದಿಂದ ಬೀಳುತ್ತದೆ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ ಎಂದು ಪತ್ರಿಕೆಗಳು, ರೇಡಿಯೋ ಸಾರಿದ್ದೇ ಸಾರಿದ್ದು. ನಾಳೆ ಲೋಕವೇ ಇರುವುದಿಲ್ಲ ಅಂದ ಮೇಲೆ ಕೋಳಿ ಯಾಕೆ, ಕುರಿ ಯಾಕೆ ಎಂದು ಇದ್ದದ್ದನ್ನೆಲ್ಲ ಕೊಯ್ದು ತಿಂದವರ ಕಥೆಗಳನ್ನು ಈಗಲೂ ಕೇಳುತ್ತೇವೆ. ಹಾಗೆ ನಂಬಿದವರು ಸಾಲದ ಕಂತು ಕಟ್ಟಿಯಾರೇ? ಜುಲೈ 11ರಂದು ಅದು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಮರುದಿನ ಎದ್ದು ನೋಡಿದರೆ ಲೋಕ ಇದ್ದಲ್ಲೇ ಇದೆ, ಕೋಳಿಗೂಡು ಮಾತ್ರ ಖಾಲಿ!

ಅಮೆರಿಕದ 'ಸ್ಯಾನ್ ಫ್ರಾನ್ಸಿಸ್ಕೋ ಎಕ್ಸಾಮಿನರ್' ಪತ್ರಿಕೆ, ಅದರ ಚೂರನ್ನು 72 ತಾಸಿನೊಳಗೆ ತಂದುಕೊಟ್ಟ ಮೊದಲಿಗರಿಗೆ 10,000 ಡಾಲರ್ ಬಹುಮಾನ ಎಂದು ಪ್ರಕಟಿಸಿತ್ತು. ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ 17 ವರ್ಷದ ಹುಡುಗನೊಬ್ಬ ಚೂರು ಹಿಡಿದುಕೊಂಡು ವಿಮಾನ ಹತ್ತಿ ಬಂದೇ ಬಿಟ್ಟ, ಹಣ ಎಣಿಸಿಕೊಂಡ. ಆ ಊರಿನ ಸ್ಥಳೀಯ ಆಡಳಿತವಂತೂ ಕಸ ಚೆಲ್ಲಿದ್ದಕ್ಕೆ ಅಮೆರಿಕದ ನಾಸಾ ಸಂಸ್ಥೆಗೇ 400 ಡಾಲರ್ ದಂಡ ಹಾಕಿತು. ನಾಸಾ ಕಟ್ಟಲಿಲ್ಲ. ಕೊನೆಗೆ 2009ರಲ್ಲಿ ಅಮೆರಿಕದ ರೇಡಿಯೋ ನಿರೂಪಕರೊಬ್ಬರು ಕೇಳುಗರಿಂದ ವಂತಿಗೆ ಎತ್ತಿ ತೀರಿಸಿದರು. 30 ವರ್ಷದ ಸುಸ್ತಿ! ನಮ್ಮ ಸಂಘದ ಸುಸ್ತಿದಾರರು ಇದನ್ನು ಓದಿ ಸಮಾಧಾನ ಪಡಬಾರದಾಗಿ ವಿನಂತಿ.

ಎಲ್ಲ ತಪ್ಪು ತಲೆಬರಹಗಳೂ ನಗಿಸುವುದಿಲ್ಲ. 1912ರ ಏಪ್ರಿಲ್ 15ರಂದು ನ್ಯೂಯಾರ್ಕಿನ 'ಈವನಿಂಗ್ ಸನ್' ಪತ್ರಿಕೆ, ಟೈಟಾನಿಕ್ ಹಡಗಿನಲ್ಲಿದ್ದವರೆಲ್ಲ ಪಾರಾದರೆಂದು ತಲೆಬರಹ ಕೊಟ್ಟಿತು. ಹಡಗನ್ನು ಹ್ಯಾಲಿಫ್ಯಾಕ್ಸ್ ಬಂದರಿಗೆ ಎಳೆದು ತರಲಾಗುತ್ತಿದೆ ಎಂಬ ಸುದ್ದಿಯೂ ಹಬ್ಬಿತ್ತು. ಬೇರೆ ಬೇರೆ ಕಡೆಯ ನಿಸ್ತಂತು ಸಂದೇಶಗಳು ಒಂದರೊಳಗೊಂದು ಕಲಸಿಹೋಗಿದ್ದವು. ಆ ಹಡಗು ಮುಳುಗುವಂಥದ್ದೇ ಅಲ್ಲ ಎಂಬ ನಂಬಿಕೆಯೂ ಜೊತೆಗಿತ್ತು. ಪತ್ರಿಕೆ ಜನರ ಕೈ ಸೇರುವ ಹೊತ್ತಿಗೆ ಹಡಗು ಸಮುದ್ರದ ತಳ ಸೇರಿತ್ತು, 1,500ಕ್ಕೂ ಹೆಚ್ಚು ಜೀವ ಹೋಗಿತ್ತು. ಆ ತಲೆಬರಹ ಓದಿ ನಿಟ್ಟುಸಿರು ಬಿಟ್ಟ ತಾಯಂದಿರ ಪಾಡು ಏನಾಗಿರಬೇಕು? ಸುಳ್ಳು ಸಂತೋಷ ಕೊಟ್ಟು ಕಿತ್ತುಕೊಳ್ಳುವುದು ದೊಡ್ಡ ಕ್ರೌರ್ಯ.

ಇನ್ನು ಸಂಘದ ಬಾಗಿಲಿಗೇ ಬರುವ ಒಂದು ಘಟನೆ. 1973ರ ಡಿಸೆಂಬರ್, ಜಪಾನಿನ ಟೊಯೊಕಾವಾ ಎಂಬ ಊರು. ಅಲ್ಲಿ ನಮ್ಮ ಸಂಘದ ಹಾಗೆಯೇ ಸದಸ್ಯರ ಹಣದಿಂದ ನಡೆಯುವ ಸಹಕಾರಿ ಪತ್ತಿನ ಬ್ಯಾಂಕೊಂದಿತ್ತು. ಪತ್ತಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಹುಡುಗಿಯೊಬ್ಬಳನ್ನು ಗೆಳತಿಯರು ರೈಲಿನಲ್ಲಿ 'ಅಲ್ಲಿ ಅಪಾಯ ಕಣೇ' ಎಂದು ಚುಡಾಯಿಸಿದರು. ಅವರು ಹೇಳಿದ್ದು ದರೋಡೆಕೋರರ ಅಪಾಯ. ಮಾತು ಬಾಯಿಂದ ಬಾಯಿಗೆ ಹೋಗಿ 'ಬ್ಯಾಂಕೇ ಅಪಾಯದಲ್ಲಿದೆ' ಎಂದಾಯಿತು. ಅಷ್ಟರಲ್ಲಿ ಬಟ್ಟೆ ಒಗೆಯುವ ಅಂಗಡಿಯ ಫೋನಿನಲ್ಲಿ ಯಾರೋ ತಮ್ಮ ವ್ಯಾಪಾರಕ್ಕೆಂದು 'ಬೇಗ ಹಣ ತೆಗೆ' ಅಂದರು. ಕೇಳಿಸಿಕೊಂಡ ಅಂಗಡಿಯವರು ತಮ್ಮ ಹಣ ತೆಗೆದದ್ದಲ್ಲದೆ ಪರಿಚಯದವರಿಗೆಲ್ಲ ತಿಳಿಸಿದರು. ಕೆಲವೇ ದಿನಗಳಲ್ಲಿ ಸುಮಾರು 200 ಕೋಟಿ ಯೆನ್ ಖಾಲಿ! ಗಟ್ಟಿಮುಟ್ಟಾಗಿದ್ದ ಬ್ಯಾಂಕು ಗಡಗಡ ನಡುಗಿತು. ಕೊನೆಗೆ ನೋಟಿನ ಕಂತೆಗಳನ್ನು ಜನರ ಕಣ್ಣಿಗೆ ಕಾಣುವಂತೆ ರಾಶಿ ಹಾಕಿದರು. ಇದು ಗಾಳಿಸುದ್ದಿ ಎಂದು ಪತ್ರಿಕೆಗಳು ಪ್ರಕಟಿಸಿದವು. ಪೊಲೀಸರು ಮಾತಿನ ಜಾಡು ಹಿಡಿದು ರೈಲಿನ ಹುಡುಗಿಯರವರೆಗೂ ಹೋದರು. ಆಗ ಜನ ಶಾಂತರಾದರು. ನೋಡಿ, ಕೆಡಿಸುವ ತಲೆಬರಹವೇ ಅಲ್ಲ, ಉಳಿಸುವ ತಲೆಬರಹವೂ ಉಂಟು.

ಈಗ ನಮ್ಮ ಮಾತು. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ದೊಡ್ಡ ಬಂಡವಾಳವೆಂದರೆ ನೆರೆಹೊರೆಯವರ ನಂಬಿಕೆ. ಇಂದಿಗೂ ಅದೇ. ಬ್ಯಾಂಕುಗಳ ಠೇವಣಿಗೆ ಸರಕಾರದ ಠೇವಣಿ ವಿಮೆ ಇದೆ. ಹಳ್ಳಿಯ ಪ್ರಾಥಮಿಕ ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಒಂದು ಸುಳ್ಳು ಮಾತು ಸಂತೆಯ ದಿನ ಹಬ್ಬಿದರೆ ಸಾಕು, ಸಂಜೆಯೊಳಗೆ ಸಂಘದ ಮುಂದೆ ಸಾಲು ನಿಂತೀತು. ಒಬ್ಬರು ಕೊಟ್ಟ ಠೇವಣಿ ಇನ್ನೊಬ್ಬರ ಹೊಲದಲ್ಲಿ ಗೊಬ್ಬರವಾಗಿ, ಬೀಜವಾಗಿ ಬಿದ್ದಿರುತ್ತದೆ. ಬೆಳೆ ಬರುವ ಮುನ್ನ ಅದನ್ನು ಅಗೆದು ತರಲು ಆಗುತ್ತದೆಯೇ?

ಹಾಗಂತ ಕಣ್ಣು ಮುಚ್ಚಿ ನಂಬಿ ಎಂದೂ ನಾವು ಹೇಳುವುದಿಲ್ಲ. ಆಡಳಿತ ಮಂಡಳಿ 'ಎಲ್ಲ ಚೆನ್ನಾಗಿದೆ' ಎಂದರೆ ಅದೂ ಒಂದು ತಲೆಬರಹವೇ! ಟೈಟಾನಿಕ್ ನೆನಪಿರಲಿ. ಮಹಾಸಭೆಗೆ ಬನ್ನಿ, ಉಪ್ಪಿಟ್ಟು ತಿಂದು ಎದ್ದುಹೋಗಬೇಡಿ. ಜಮಾಖರ್ಚು, ಅಢಾವೆ ಪತ್ರಿಕೆ, ಲೆಕ್ಕಪರಿಶೋಧಕರ ವರದಿ ಓದಿಸಿ ಕೇಳಿ, ತಿಳಿಯದ್ದನ್ನು ಎದ್ದು ನಿಂತು ಪ್ರಶ್ನಿಸಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಎತ್ತು ಈಯಿತು ಎಂದು ಯಾರಾದರೂ ಕೂಗಿದರೆ, ಹಗ್ಗ ಹುಡುಕುವ ಮೊದಲು ಕೊಟ್ಟಿಗೆಗೆ ಹೋಗಿ ನೋಡೋಣ.